ಜೀಪಿಗೆ ಬೇರೆ ಎಂಜಿನ್: ಗುಜರಿಗೆ ಹೋಗುವ ಮೊದಲು ಬರೆದಿಡಬೇಕಾದ ಪಟ್ಟಿ

ಬೆಳ್ತಂಗಡಿ, ಕಾರ್ಕಳ, ಹೆಬ್ರಿ ಕಡೆಯ ತೋಟಗಳಲ್ಲಿ ಹಳೆಯ ಮಹೀಂದ್ರ ಜೀಪುಗಳು ಇನ್ನೂ ಗೊಬ್ಬರ, ಅಡಿಕೆ, ಮರದ ದಿಮ್ಮಿ ಹೊರುತ್ತಿವೆ. ಚಾಸಿ ಗಟ್ಟಿ, ಆಕ್ಸಲ್ ಗಟ್ಟಿ, ಎಂಜಿನ್ ಮಾತ್ರ ಏರು ಕಂಡರೆ ಹೊಗೆ ಕಾರುತ್ತದೆ. ಆಗ ಹೊಳೆಯುವ ದಾರಿ ಒಂದೇ: ಗುಜರಿಯಿಂದ ಒಳ್ಳೆಯ ಡೀಸೆಲ್ ಎಂಜಿನ್ ತಂದು ಕೂರಿಸುವುದು. ಎಂಜಿನ್ ಸಿಗುತ್ತದೆ. ಸಿಗದೆ ಕಾಡುವುದು ಆ ಎಂಜಿನ್ನಿಗೂ ಜೀಪಿಗೂ ನಡುವೆ ಬರುವ ಸಣ್ಣಪುಟ್ಟ ಸಾಮಾನು. ಗ್ಯಾರೇಜುಗಳ ಹಿಂದೆ ಟಾರ್ಪಾಲು ಹೊದ್ದು ನಿಂತಿರುವ ಅರ್ಧಂಬರ್ಧ ಜೀಪುಗಳಲ್ಲಿ ಹೆಚ್ಚಿನವಕ್ಕೆ ಎಂಜಿನ್ ಇದೆ, ಉಳಿದದ್ದು ಇಲ್ಲ.

ಇಲ್ಲಿ ಉದಾಹರಣೆಗೆ ಹಿಡಿದಿರುವುದು 2199 ಸಿಸಿ ಹರಿಕೇನ್ ಪೆಟ್ರೋಲ್ ಎಂಜಿನ್ನಿನ ಸಿಜೆ 3ಬಿ ಜೀಪಿಗೆ ಇಂಜೆಕ್ಷನ್ ಪಂಪ್ ಇರುವ ಎರಡೂವರೆ ಲೀಟರ್ ಡೀಸೆಲ್ ಹಾಕುವ ಕೆಲಸ. ಡೀಸೆಲ್ ಜೀಪಿಗೆ ಇನ್ನೊಂದು ಡೀಸೆಲ್ ಹಾಕುವವರಿಗೆ ಇದರಲ್ಲಿ ಅರ್ಧ ಕೆಲಸ ಉಳಿಯುತ್ತದೆ.

ಮೊದಲ ಹೆಜ್ಜೆ ಆರ್‌ಸಿ

ಸ್ಪ್ಯಾನರ್ ಹಿಡಿಯುವ ಮೊದಲು ಆರ್‌ಟಿಒ ಕಚೇರಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ನಮೂದಿಸಿದ ವಿವರಕ್ಕೆ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಒತ್ತಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ, ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡನ್ನೂ ಹೇಳುತ್ತದೆ. ಎಂಜಿನ್ ನಂಬರು, ಇಂಧನ, ಸಿಸಿ ಎಲ್ಲವೂ ಆರ್‌ಸಿಯಲ್ಲಿ ಇರುವುದರಿಂದ ಯಾವ ಎಂಜಿನ್ ಎಂದು ತೀರ್ಮಾನಿಸಿ, ನೋಂದಣಿ ಇರುವ ಕಚೇರಿಯಲ್ಲಿ (ಕೆಎ 19 ಆದರೆ ಮಂಗಳೂರು, ಕೆಎ 20 ಆದರೆ ಉಡುಪಿ) ಲಿಖಿತ ಅನುಮತಿ ಕೇಳಿ. ಕೊಡಲಾಗದು ಎಂದರೆ ಹಳೆಯ ಎಂಜಿನ್ನನ್ನೇ ಬೋರ್ ಮಾಡಿಸುವುದು ಲಾಭ. ಗುಜರಿಯವರಿಂದ ಬಿಲ್ಲು, ಆ ಎಂಜಿನ್ ಬಂದ ವಾಹನದ ದಾಖಲೆಯ ಪ್ರತಿ ಎರಡನ್ನೂ ಪಡೆಯಿರಿ. ನಂಬರು ಉಜ್ಜಿದ ಎಂಜಿನ್ ಎಷ್ಟು ಅಗ್ಗವಾದರೂ ಬೇಡ. ವಿಮಾ ಕಂಪನಿಗೂ ತಿಳಿಸದಿದ್ದರೆ ಅಪಘಾತದ ದಿನ ಕ್ಲೇಮು ಅಲ್ಲೇ ನಿಲ್ಲುತ್ತದೆ.

ಎಂಜಿನ್ ಆರಿಸುವಾಗ

ನಮ್ಮ ಕಡೆ ಹೆಚ್ಚು ಕಣ್ಣಿಗೆ ಬೀಳುವವು ಪ್ಯೂಜೊ ವಂಶದ 2112 ಸಿಸಿ ಎಕ್ಸ್‌ಡಿಪಿ 4.90, ಅದರ ಅಣ್ಣ 2498 ಸಿಸಿ ಎಕ್ಸ್‌ಡಿ3ಪಿ, ಮತ್ತು ಮಹೀಂದ್ರದ 2523 ಸಿಸಿ ಡಿಐ. ಕಾಮನ್ ರೈಲ್ (ಕಂಪ್ಯೂಟರ್ ಹಿಡಿತದಲ್ಲಿ ಡೀಸೆಲ್ ಸಿಂಪಡಿಸುವ ಹೊಸ ಬಗೆಯ) ಎಂಜಿನ್ನಿಗೆ ಶಕ್ತಿ ಹೆಚ್ಚು. ಆದರೆ ಅದರ ಜೊತೆಗೆ ಇಸಿಯು (ಎಂಜಿನ್ನಿನ ಕಂಪ್ಯೂಟರ್), ಇಡೀ ವೈರಿಂಗ್, ಎಲ್ಲ ಸೆನ್ಸರ್, ಆಕ್ಸಿಲರೇಟರ್ ಪೆಡಲ್, ಬೀಗ ಮತ್ತು ಕೀ ಎಲ್ಲವೂ ಅದೇ ವಾಹನದ್ದೇ ಬರಬೇಕು. ಒಂದು ತುಂಡು ಬಿಟ್ಟುಬಂದರೂ ಎಂಜಿನ್ ಸ್ಟಾರ್ಟ್ ಆಗದೆ ಹೋಗಬಹುದು. ತೋಟದ ಜೀಪಿಗೆ, ಆಟಿ ತಿಂಗಳ (ಆಷಾಢದ) ಮಳೆಯಲ್ಲಿ ಹೊಳೆ ದಾಟುವ ಜೀಪಿಗೆ, ಹಳೆಯ ಮೆಕ್ಯಾನಿಕಲ್ ಪಂಪೇ ಸರಿ ಎಂಬುದು ಈ ಲೇಖನದ ಪಕ್ಷ.

ಕೊಳ್ಳುವಾಗ ಬರಿಯ ಎಂಜಿನ್ ಕೇಳಬೇಡಿ. ಜೊತೆಯಲ್ಲೇ ಬೇಕಾದವು: ಫ್ಲೈವೀಲ್, ಪ್ರೆಷರ್ ಪ್ಲೇಟ್, ಬೆಲ್ ಹೌಸಿಂಗ್ (ಕ್ಲಚ್ಚನ್ನು ಮುಚ್ಚುವ ಗಂಟೆಯಾಕಾರದ ಕವಚ), ಸ್ಟಾರ್ಟರ್, ಆಲ್ಟರ್ನೇಟರ್ ಮತ್ತು ಅದರ ಬ್ರಾಕೆಟ್, ವ್ಯಾಕ್ಯೂಮ್ ಪಂಪ್, ಎರಡೂ ಬದಿಯ ಮೌಂಟ್ ರಬ್ಬರ್, ಫ್ಯಾನ್ ಮತ್ತು ಅದರ ಕವಚ, ಡೀಸೆಲ್ ಫಿಲ್ಟರ್ ತಲೆ, ಪಂಪಿನ ಸ್ಟಾಪ್ ಸೊಲೆನಾಯ್ಡ್ (ಡೀಸೆಲ್ ತಡೆದು ಎಂಜಿನ್ ನಿಲ್ಲಿಸುವ ವಿದ್ಯುತ್ ವಾಲ್ವ್), ಆಯಿಲ್ ಪ್ರೆಷರ್ ಮತ್ತು ಟೆಂಪರೇಚರ್ ಸೆಂಡರ್ (ಮೀಟರಿಗೆ ಸಂಕೇತ ಕಳಿಸುವ ತುಂಡು), ಸೈಲೆನ್ಸರಿನ ಮೊದಲ ಬೆಂಡ್. ಆಲ್ಟರ್ನೇಟರ್ ಬ್ರಾಕೆಟ್ ಒಂದು ಹೋದರೆ ಅಂಗಡಿಯಲ್ಲಿ ಸಿಗುವ ವಸ್ತುವಲ್ಲ. ಅದನ್ನು ಪ್ಲೇಟು ಕತ್ತರಿಸಿ ಮಾಡಿಸಿ, ಬೆಲ್ಟ್ ಸಾಲಿಗೆ ಬರುವಷ್ಟರಲ್ಲಿ ಎರಡು ದಿನ ಹೋಗಿರುತ್ತದೆ.

ಅಳತೆ

ಹಳೆಯ ಎಂಜಿನ್ ಎತ್ತುವ ಮೊದಲೇ ನಾಲ್ಕು ಅಳತೆ ಬರೆದಿಡಿ: ಫೈರ್‌ವಾಲಿನಿಂದ ರೇಡಿಯೇಟರ್, ಚಾಸಿ ಬೀಮುಗಳ ನಡುವಿನ ಅಗಲ, ಬಾನೆಟ್ಟಿನಿಂದ ಮುಂದಿನ ಆಕ್ಸಲ್, ಆಕ್ಸಲಿನಿಂದ ಬಂಪ್ ಸ್ಟಾಪ್ (ಆಕ್ಸಲ್ ಮೇಲೇಳುವುದನ್ನು ತಡೆಯುವ ರಬ್ಬರ್ ಗುಬಟು). ಕೊನೆಯದನ್ನು ಹೆಚ್ಚಿನವರು ಮರೆಯುತ್ತಾರೆ. ಜೀಪು ನಿಂತಾಗ ಸಂಪಿಗೂ (ಎಂಜಿನ್ನಿನ ಅಡಿಯ ಆಯಿಲ್ ತೊಟ್ಟಿ) ಆಕ್ಸಲಿಗೂ ಅಂತರ ಕಾಣುತ್ತದೆ. ಗುಂಡಿಗೆ ಬಿದ್ದಾಗ ಆಕ್ಸಲ್ ಬಂಪ್ ಸ್ಟಾಪಿನವರೆಗೆ ಎದ್ದು ಸಂಪನ್ನು ಒಡೆಯುತ್ತದೆ. ಬಂಪ್ ಸ್ಟಾಪಿನ ಅಂತರದ ಮೇಲೆ ಇನ್ನೂ 25 ಮಿ.ಮೀ. ಇರಲಿ. ಸಂಪಿನ ಆಳದ ಭಾಗ ಡಿಫರೆನ್ಶಿಯಲ್ ಗುಂಡಿನ ಬದಿಗೇ ಬಂದರೆ ಸಂಪು ಕತ್ತರಿಸಿ ಬೆಸುಗೆ ಹಾಕಿಸಬೇಕು, ಆಯಿಲ್ ಹೀರುವ ಪೈಪನ್ನೂ ಬದಲಿಸಬೇಕು. ಅಂಥ ಎಂಜಿನ್ ಬಿಟ್ಟುಬಿಡುವುದೇ ಜಾಣತನ. ಫ್ಯಾನಿಗೂ ರೇಡಿಯೇಟರಿಗೂ ನಡುವೆ, ಎಂಜಿನ್ನಿಗೂ ಫೈರ್‌ವಾಲಿಗೂ ನಡುವೆ ತಲಾ 20ರಿಂದ 25 ಮಿ.ಮೀ. ಬೇಕು, ಏಕೆಂದರೆ ರಬ್ಬರಿನ ಮೇಲೆ ಕುಳಿತ ಎಂಜಿನ್ ಅಲುಗಾಡದೆ ಇರದು.

ಜೋಡಣೆ: ಎಲ್ಲ ಕಷ್ಟದ ಮೂಲ

ಹೊಸ ಎಂಜಿನ್ನಿಗೆ ಹಳೆಯ ಗೇರ್‌ಬಾಕ್ಸ್ ಉಳಿಸಿಕೊಂಡರೆ ಅವೆರಡರ ನಡುವೆ ಅಡಾಪ್ಟರ್ ಪ್ಲೇಟ್ ಬೇಕು. ಎಂಜಿನ್ನಿನ ಜೊತೆಗೆ ಅದರದೇ ಗೇರ್‌ಬಾಕ್ಸ್ ತಂದರೆ ಈ ತಾಪತ್ರಯವಿಲ್ಲ, ಆದರೆ ಗೇರ್‌ಬಾಕ್ಸಿಗೂ ಫೋರ್ ವೀಲಿನ ಟ್ರಾನ್ಸ್‌ಫರ್ ಕೇಸಿಗೂ ನಡುವೆ ಅದೇ ಕೆಲಸ ಬೀಳುತ್ತದೆ. ಎಲ್ಲೋ ಒಂದು ಕಡೆ ಲೇತಿನ ಕೆಲಸ ತಪ್ಪದು. ಮೂರು ಗೇರಿನ ಹಳೆಯ ಪೆಟ್ಟಿಗೆ ದೊಡ್ಡ ಡೀಸೆಲಿನ ಎಳೆತ ಬಹಳ ಕಾಲ ತಡೆಯುವಂಥದ್ದಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಅಡಾಪ್ಟರ್ ಪ್ಲೇಟು ಮೈಲ್ಡ್ ಸ್ಟೀಲಾದರೆ 12 ಮಿ.ಮೀ., ಅಲ್ಯುಮಿನಿಯಮ್ಮಾದರೆ 16ರಿಂದ 20 ಮಿ.ಮೀ. ದಪ್ಪ ಸಾಕು. ಮಂಗಳೂರಿನ ಬೈಕಂಪಾಡಿ, ಯೆಯ್ಯಾಡಿ ಕೈಗಾರಿಕಾ ಪ್ರದೇಶಗಳಲ್ಲಿ ಇಂಥದ್ದನ್ನು ಕತ್ತರಿಸಿ ಕೊಡುವವರಿದ್ದಾರೆ. ಕಾಗದದ ಮೇಲೆ ಬೋಲ್ಟ್ ತೂತಿನ ಅಚ್ಚು ತೆಗೆದುಕೊಂಡು ಹೋಗಿ ತೂತು ಕೊರೆಸಿದರೆ ಕೆಲಸ ಕೆಟ್ಟಿತೆಂದೇ ತಿಳಿಯಿರಿ. ಬೋಲ್ಟಿನ ತೂತು ಬೋಲ್ಟಿಗಿಂತ ದೊಡ್ಡದು, ಅದು ಕ್ರ್ಯಾಂಕಿನ ಮತ್ತು ಗೇರ್‌ಬಾಕ್ಸ್ ಶಾಫ್ಟಿನ ಕೇಂದ್ರವನ್ನು ಒಂದೇ ಸಾಲಿನಲ್ಲಿ ಹಿಡಿಯುವುದಿಲ್ಲ. ಹಿಡಿಯುವುದು ತೂತಿಗೆ ಬಿಗಿಯಾಗಿ ಕೂರುವ ಎರಡು ಡೋವೆಲ್ ಪಿನ್ನು. ಎಂಜಿನ್, ಬೆಲ್ ಹೌಸಿಂಗ್ ಎರಡನ್ನೂ ಲೇತಿಗೇ ಒಯ್ಯಿರಿ. ಪ್ಲೇಟನ್ನು ಎಂಜಿನ್ನಿಗೆ ಕಟ್ಟಿ, ಡಯಲ್ ಗೇಜನ್ನು (ಕೂದಲೆಳೆಯಷ್ಟು ವ್ಯತ್ಯಾಸ ತೋರಿಸುವ ಅಳತೆ ಮೀಟರು) ಫ್ಲೈವೀಲಿಗೆ ಕೂರಿಸಿ, ಅದರ ಮುಳ್ಳು ಬೆಲ್ ಹೌಸಿಂಗಿನ ಹಿಂದಿನ ಗುಂಡು ತೂತಿನ ಒಳಮೈಗೆ ತಾಗುವಂತೆ ಇಟ್ಟು, ಕ್ರ್ಯಾಂಕನ್ನು ಕೈಯಿಂದ ನಿಧಾನ ಒಂದು ಸುತ್ತು ತಿರುಗಿಸಿ. ಮುಳ್ಳಿನ ಓಲಾಟ ಒಟ್ಟು 0.25 ಮಿ.ಮೀ. ಮೀರಬಾರದು. ಮೀರಿದರೆ ಬೋಲ್ಟು ಸಡಿಲಿಸಿ, ಮೆಲ್ಲನೆ ತಟ್ಟಿ, ಮತ್ತೆ ತಿರುಗಿಸಿ. ಸರಿ ಬಂದ ಮೇಲೆಯೇ ಡೋವೆಲ್ ತೂತು. ಇದಕ್ಕೆ ಅರ್ಧ ದಿನ ಹಿಡಿದರೂ ಹಿಡಿಯಲಿ.

ಕೇಂದ್ರ ತಪ್ಪಿದ ಜೀಪು ಮೊದಲ ದಿನ ಚೆನ್ನಾಗಿಯೇ ಓಡುತ್ತದೆ. ತಿಂಗಳೊಳಗೆ ಕ್ಲಚ್ ಪ್ಲೇಟಿನ ನಡುವಿನ ಹಬ್ ಬಿರುಕು ಬಿಡುತ್ತದೆ, ಇಳಿಜಾರಿನಲ್ಲಿ ಟಾಪ್ ಗೇರು ತಾನಾಗಿ ನ್ಯೂಟ್ರಲಿಗೆ ಹಾರುತ್ತದೆ. ಗೇರ್‌ಬಾಕ್ಸ್ ಹಾಳು ಎಂದು ಅದನ್ನು ಬಿಚ್ಚಿ ಬೇರಿಂಗ್ ಬದಲಿಸುವವರೇ ಹೆಚ್ಚು. ತಪ್ಪು ಅದರ ಮುಂದಿನ ಪ್ಲೇಟಿನದು.

ಪೈಲಟ್ ಬುಷ್ ಬೆರಳಿನ ಗಾತ್ರದ ಸಾಮಾನು. ಗೇರ್‌ಬಾಕ್ಸ್ ಶಾಫ್ಟಿನ ಮೂತಿ ಕ್ರ್ಯಾಂಕಿನ ತುದಿಯಲ್ಲಿ ಕೂರುವುದು ಇದರೊಳಗೆ. ಹೊರ ಅಳತೆ ಕ್ರ್ಯಾಂಕಿನದು, ಒಳ ಅಳತೆ ಶಾಫ್ಟಿನದು, ಹಾಗಾಗಿ ಗನ್‌ಮೆಟಲ್‌ನಲ್ಲಿ ತಿರುಗಿಸಿಯೇ ಮಾಡಿಸಬೇಕು. ಶಾಫ್ಟಿಗಿಂತ 0.05 ಮಿ.ಮೀ. ಸಡಿಲ ಇರಲಿ. ಬಿಗಿಯಾದರೆ ಬಿಸಿಯಾಗಿ ಹಿಡಿದುಕೊಂಡು, ಕ್ಲಚ್ ತುಳಿದರೂ ಶಾಫ್ಟ್ ತಿರುಗುತ್ತಲೇ ಇದ್ದು ಗೇರು ಕರಕರ ಎನ್ನುತ್ತದೆ. ಇನ್ನೊಂದು ಸಂಗತಿ: 16 ಮಿ.ಮೀ. ಪ್ಲೇಟು ಹಾಕಿದಿರಿ ಎಂದರೆ ಗೇರ್‌ಬಾಕ್ಸು ಅಷ್ಟೇ ಹಿಂದೆ ಹೋಯಿತು. ಬುಷ್ ಕೂಡ ಅಷ್ಟು ಉದ್ದವಾಗಿ ಹೊರಚಾಚದಿದ್ದರೆ ಮೂತಿಯ ತುದಿ ಮಾತ್ರ ಒಳಗೆ ಕೂತಿರುತ್ತದೆ.

ಕ್ಲಚ್ ಪ್ಲೇಟಿನ ವ್ಯಾಸ ಎಂಜಿನ್ನಿನ ಪ್ರೆಷರ್ ಪ್ಲೇಟಿಗೆ, ನಡುವಿನ ಹಲ್ಲು ಗೇರ್‌ಬಾಕ್ಸ್ ಶಾಫ್ಟಿಗೆ ಹೊಂದಬೇಕು. ಒಂದೇ ಪ್ಲೇಟಿನಲ್ಲಿ ಎರಡೂ ಸಿಗದಿದ್ದರೆ ಕ್ಲಚ್ ರಿವೆಟ್ ಮಾಡುವವರು ಒಂದರ ಹಬ್ಬನ್ನು ಇನ್ನೊಂದರ ತಟ್ಟೆಗೆ ಹಾಕಿಕೊಡುತ್ತಾರೆ. ಶಾಫ್ಟಿನ ಮೇಲೆ ಕೈಯಲ್ಲೇ ಸಲೀಸಾಗಿ ಜಾರುತ್ತದೆಯೇ ನೋಡಿ ಆಮೇಲೆ ಕಟ್ಟಿ.

ಮೌಂಟ್ ಮತ್ತು ಶಾಫ್ಟ್

ಬ್ರಾಕೆಟ್ಟಿಗೆ 6 ಮಿ.ಮೀ. ಪ್ಲೇಟು, ಮೂಲೆಗೆ ತ್ರಿಕೋನದ ಆಸರೆ. ಎಂಜಿನ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ಮೂರನ್ನೂ ಜೋಡಿಸಿ, ಚೈನ್ ಪುಲ್ಲಿಯಲ್ಲಿ ತೂಗಿ, ಹಿಂದಕ್ಕೆ 3ರಿಂದ 4 ಡಿಗ್ರಿ ವಾಲುವಂತೆ ನಿಲ್ಲಿಸಿ ಬ್ರಾಕೆಟ್ಟಿಗೆ ಚುಕ್ಕಿ ಬೆಸುಗೆ ಹಾಕಿ. ಹಿಂದಿನ ಆಕ್ಸಲಿನ ಪಿನಿಯನ್ (ಪ್ರೊಪೆಲ್ಲರ್ ಶಾಫ್ಟ್ ಸೇರುವ ಮೂತಿ) ಈ ಕೋನಕ್ಕೆ ಸಮಾನಾಂತರ ಇರಬೇಕು, ಒಂದು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ 50 ಕಿ.ಮೀ. ವೇಗ ದಾಟಿದಾಗ ನೆಲಹಾಸು ನಡುಗುತ್ತದೆ. ಪೂರ್ತಿ ಬೆಸುಗೆ ಎಂಜಿನ್ ಇಳಿಸಿದ ಮೇಲೆ. ರಬ್ಬರ್ ಇರುವಾಗಲೇ ಬೆಸುಗೆ ಹೊಡೆದರೆ ಅದು ಒಳಗೊಳಗೇ ಬೆಂದು ವಾರದಲ್ಲಿ ಬಿಡುತ್ತದೆ. 8.8 ದರ್ಜೆಯ 10 ಮಿ.ಮೀ. ಬೋಲ್ಟಿಗೆ ಸುಮಾರು 45, 12 ಮಿ.ಮೀ. ಬೋಲ್ಟಿಗೆ ಸುಮಾರು 80 ನ್ಯೂಟನ್ ಮೀಟರ್ ಬಿಗಿ.

ಗೇರ್‌ಬಾಕ್ಸ್ ಹಿಂದೆ ಸರಿದರೆ ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಗಿಡ್ಡವಾಗಬೇಕು, ಮುಂದಿನದು ಉದ್ದವಾಗಬೇಕು. ಜೀಪು ನೆಲದ ಮೇಲೆ ನಿಂತಿರುವಾಗ ಅಳತೆ ತೆಗೆಯಿರಿ; ಸ್ಲಿಪ್ ಜಾಯಿಂಟಿನಲ್ಲಿ ಒಳಗೆ ಹೋಗಲು 25ರಿಂದ 40 ಮಿ.ಮೀ. ಜಾಗ ಉಳಿಸಿ. ಕತ್ತರಿಸಿ ಬೆಸೆದ ಶಾಫ್ಟನ್ನು ಬ್ಯಾಲೆನ್ಸ್ ಮಾಡಿಸದೆ ಹಾಕಬೇಡಿ.

ವೇಗದ ಲೆಕ್ಕ ಮೊದಲೇ ಮಾಡಿ. ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ ಒಂದು ಸುತ್ತು ಉರುಳಿಸಿ, 2.2 ಮೀಟರ್ ಬಂತು ಅನ್ನಿ. 5.38 ಅನುಪಾತದ ಆಕ್ಸಲಿನಲ್ಲಿ, ನೇರ ಟಾಪ್ ಗೇರಿನಲ್ಲಿ, 3000 ಆರ್‌ಪಿಎಂಗೆ ಗಂಟೆಗೆ ಸುಮಾರು 74 ಕಿ.ಮೀ. 4.88ಕ್ಕೆ ಸುಮಾರು 81. ನಿಧಾನ ತಿರುಗುವ ಡಿಐ ಎಂಜಿನ್ ಹಾಕಿ ಹೆದ್ದಾರಿಯಲ್ಲಿ ಉಡುಪಿ–ಮಂಗಳೂರು ಓಡಾಡುವವರು ಈ ಲೆಕ್ಕ ನೋಡಿಯೇ ಮುಂದುವರಿಯಲಿ.

ನಿರ್ವಾತ, ನೀರು, ಡೀಸೆಲ್

ಪೆಟ್ರೋಲ್ ಎಂಜಿನ್ನಿನಲ್ಲಿ ಬ್ರೇಕ್ ಬೂಸ್ಟರಿಗೆ ಬೇಕಾದ ನಿರ್ವಾತ ಮ್ಯಾನಿಫೋಲ್ಡಿನಿಂದಲೇ ಸಿಗುತ್ತದೆ. ಈ ಹಳೆಯ ಡೀಸೆಲ್‌ಗಳಲ್ಲಿ ಗಾಳಿ ತಡೆಯುವ ಥ್ರಾಟಲ್ ಇಲ್ಲ, ನಿರ್ವಾತವೂ ಇಲ್ಲ. ಅದಕ್ಕೇ ಆಲ್ಟರ್ನೇಟರಿನ ಹಿಂದೆ ವ್ಯಾಕ್ಯೂಮ್ ಪಂಪ್. ಅದಕ್ಕೆ ಎಂಜಿನ್ನಿನಿಂದ ಆಯಿಲ್ ಬರುವ ಸಣ್ಣ ಪೈಪು, ಸಂಪಿಗೆ ಮರಳುವ ದೊಡ್ಡ ಪೈಪು ಎರಡೂ ಬೇಕು. ಮರಳುವ ಪೈಪು ಮಡಚಿದರೆ ಆಯಿಲ್ ಬೂಸ್ಟರಿಗೆ ನುಗ್ಗಿ ಅದರ ರಬ್ಬರನ್ನು ತಿನ್ನುತ್ತದೆ. ಬೂಸ್ಟರೇ ಇಲ್ಲದ ಹಳೆಯ ಸಿಜೆಗೆ ಭಾರದ ಎಂಜಿನ್ ಹಾಕುವವರು ಬ್ರೇಕಿಗೂ ಅಷ್ಟೇ ಖರ್ಚು ಇಟ್ಟುಕೊಳ್ಳಲಿ, ಮುಂದಿನ ಸ್ಪ್ರಿಂಗ್ ಪಟ್ಟೆಗೆ ಒಂದು ಎಲೆ ಸೇರಿಸಲಿ.

ಚಾರ್ಮಾಡಿಯನ್ನು ಭಾರ ಹೊತ್ತು ಎರಡನೇ ಗೇರಿನಲ್ಲಿ ಹತ್ತುವಾಗ ಗಾಳಿ ಇಲ್ಲ, ಬಿಸಿ ಪೂರ್ತಿ. ರೇಡಿಯೇಟರ್ ಎಂಜಿನ್ ಬಂದ ವಾಹನದ್ದೇ ಆದರೆ ಒಳ್ಳೆಯದು. ಫ್ಯಾನಿನ ಸುತ್ತ ಕವಚ ಇಲ್ಲದಿದ್ದರೆ ದೊಡ್ಡ ರೇಡಿಯೇಟರೂ ವ್ಯರ್ಥ, ಫ್ಯಾನು ಎದುರಿನ ಗಾಳಿ ಎಳೆಯದೆ ಅಕ್ಕಪಕ್ಕದ್ದನ್ನೇ ತಿರುಗಿಸುತ್ತಿರುತ್ತದೆ. ಬಾವಿ ನೀರು ಬೇಡ. ಡಿಸ್ಟಿಲ್ಡ್ ನೀರು, ಕೂಲಂಟ್ ಅರ್ಧರ್ಧ.

ಪೆಟ್ರೋಲ್ ಟ್ಯಾಂಕಿಗೆ ಒಂದೇ ಪೈಪು. ಡೀಸೆಲಿಗೆ ಮರಳುವ ಪೈಪೂ ಬೇಕು, ಟ್ಯಾಂಕಿಗೆ ಇನ್ನೊಂದು ನಿಪ್ಪಲ್ ಹಾಕಿಸಿ. ಟ್ಯಾಂಕನ್ನು ಪೂರ್ತಿ ತೊಳೆಯದೆ, ಪೆಟ್ರೋಲಿನ ಆವಿ ಹೊರಹಾಕದೆ ಬೆಸುಗೆಗೆ ಕೊಟ್ಟರೆ ಸ್ಫೋಟವಾದೀತು. ಸತು ಲೇಪಿಸಿದ ಜಿಐ ಪೈಪು ಬಳಸಬೇಡಿ, ಡೀಸೆಲ್ ಸತುವಿನೊಂದಿಗೆ ಸೇರಿ ಅಂಟು ಕಟ್ಟಿ ಇಂಜೆಕ್ಟರ್ ಮುಚ್ಚುತ್ತದೆ. ಕರಾವಳಿಯ ತೇವಕ್ಕೆ ಟ್ಯಾಂಕಿನೊಳಗೆ ನೀರು ಕಟ್ಟುವುದರಿಂದ ನೀರು ಬೇರ್ಪಡಿಸುವ ಫಿಲ್ಟರ್ ಕಡ್ಡಾಯ.

ವಿದ್ಯುತ್ತಿನದು ಬೇಗ ಮುಗಿಯುವ ಮಾತು: 70ರಿಂದ 80 ಆಂಪ್ ಅವರ್ ಬ್ಯಾಟರಿ, 35 ಚದರ ಮಿ.ಮೀ.ಗೆ ಕಡಿಮೆಯಿಲ್ಲದ ಕೇಬಲ್, ಹೀಟರ್ ಪ್ಲಗ್ ಇರುವ ಎಂಜಿನ್ನಿಗೆ ಬೇರೆಯೇ ರಿಲೇ ಮತ್ತು ಫ್ಯೂಸ್. ಎಂಜಿನ್ನಿನಿಂದ ಚಾಸಿಗೆ ದಪ್ಪ ಅರ್ತ್ ಪಟ್ಟಿ ಹಾಕದಿದ್ದರೆ ಸ್ಟಾರ್ಟರಿನ ಕರೆಂಟು ಆಕ್ಸಿಲರೇಟರ್ ಕೇಬಲಿನಲ್ಲೋ ಕ್ಲಚ್ ಕೇಬಲಿನಲ್ಲೋ ಹರಿದು ಅದನ್ನೇ ಸುಡುತ್ತದೆ. ಸೆಂಡರೂ ಮೀಟರೂ ಜೋಡಿಯಾಗಿರಲಿ, ಇಲ್ಲವಾದರೆ ಮುಳ್ಳು ಸುಳ್ಳು ಹೇಳುತ್ತದೆ.

ಮೊದಲ ಸ್ಟಾರ್ಟ್

ಸ್ಟಾಪ್ ಸೊಲೆನಾಯ್ಡಿನ ತಂತಿ ಬಿಚ್ಚಿ, 10 ಸೆಕೆಂಡಿನಂತೆ ನಡುನಡುವೆ ಬಿಡುವು ಕೊಟ್ಟು ಕ್ರ್ಯಾಂಕ್ ಮಾಡಿ. ಆಯಿಲ್ ಮೀಟರಿನ ಮುಳ್ಳು ಎದ್ದ ಮೇಲೆಯೇ ತಂತಿ ಜೋಡಿಸಿ, ಫಿಲ್ಟರಿನಿಂದ ಗಾಳಿ ತೆಗೆದು, ಇಂಜೆಕ್ಟರ್ ನಟ್ ಸಡಿಲಿಸಿ ಡೀಸೆಲ್ ಗುಳ್ಳೆಯಿಲ್ಲದೆ ಬರುವವರೆಗೆ ತಿರುಗಿಸಿ ಬಿಗಿ ಮಾಡಿ. ಟರ್ಬೊ ಇದ್ದರೆ ಅದರ ಆಯಿಲ್ ಪೈಪಿನಲ್ಲಿ ಮೊದಲೇ ಆಯಿಲ್ ತುಂಬಿಸಿ. ಪಕ್ಕದಲ್ಲಿ ಒಬ್ಬರು ಗಾಳಿಯ ಬಾಯಿ ಮುಚ್ಚಲು ಹಲಗೆ ಹಿಡಿದು ನಿಂತಿರಲಿ. ಪಂಪು ಸಿಕ್ಕಿಹಾಕಿಕೊಂಡು ಎಂಜಿನ್ ಓಡಿಬಿಟ್ಟರೆ ಕೀಯಿಂದ ನಿಲ್ಲುವುದಿಲ್ಲ.

50 ಕಿ.ಮೀ. ಓಡಿಸಿ ಮೌಂಟಿನ, ಬೆಲ್ ಹೌಸಿಂಗಿನ, ಶಾಫ್ಟಿನ ಬೋಲ್ಟುಗಳನ್ನು ಮತ್ತೆ ಬಿಗಿ ಮಾಡಿ. 500 ಕಿ.ಮೀ.ಗೆ ಆಯಿಲ್ ಬದಲು. ಪತ್ತನಾಜೆಯ (ಮಳೆಗಾಲಕ್ಕೆ ಮೊದಲು, ಮೇ 24ರ ಆಸುಪಾಸು ಬರುವ ತುಳುನಾಡಿನ ದಿನ) ಒಳಗೆ ಇಷ್ಟು ಮುಗಿದಿದ್ದರೆ ಗೇರ್‌ಬಾಕ್ಸ್, ಆಕ್ಸಲ್‌ಗಳ ಬ್ರೀದರ್ (ಒಳಗೆ ಗಾಳಿಯಾಡುವ) ಪೈಪನ್ನು ಬಾನೆಟ್ಟಿನ ಎತ್ತರಕ್ಕೆ ಏರಿಸಲು, ಗಾಳಿ ಎಳೆಯುವ ಬಾಯಿಯನ್ನು ಮೇಲಕ್ಕೆ ಒಯ್ಯಲು ಇನ್ನೂ ಒಂದೆರಡು ವಾರ ಸಿಗುತ್ತದೆ.