ಬ್ಲಡ್ ಕಲ್ಚರ್: ಒರೆಸಿದ ಜಾಗ ಮತ್ತೆ ಮುಟ್ಟಬೇಡಿ

ಮಳೆಗಾಲ ಬಂತೆಂದರೆ ಬೆಂಗಳೂರಿನ ಆಸ್ಪತ್ರೆಗಳಲ್ಲಿ ಜ್ವರದವರು ಜಾಸ್ತಿ. ಟೈಫಾಯ್ಡೋ, ರಕ್ತದಲ್ಲಿ ಬೇರೆ ಸೋಂಕೋ ಅಂತ ತಿಳಿಯಲು ಬ್ಲಡ್ ಕಲ್ಚರ್ ಕಳಿಸುತ್ತೇವೆ, ಅಂದರೆ ರಕ್ತವನ್ನು ಬಾಟಲಿಗೆ ಹಾಕಿ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದಾ ಅಂತ ಲ್ಯಾಬ್‌ನಲ್ಲಿ ನೋಡುವ ಪರೀಕ್ಷೆ. ಚರ್ಮದ ಮೇಲೆ ಸುಮ್ನೆ ಇರುವ ಸ್ಟೆಫೈಲೊಕಾಕಸ್ ಎಪಿಡರ್ಮಿಡಿಸ್‌ನಂಥ ಬ್ಯಾಕ್ಟೀರಿಯಾ ಸೂಜಿ ಜೊತೆ ಬಾಟಲಿಗೆ ಇಳಿದರೂ ರಿಪೋರ್ಟ್ ಪಾಸಿಟಿವ್ ಬರುತ್ತದೆ. ಇಲ್ಲದ ಸೋಂಕಿಗೆ ವ್ಯಾಂಕೊಮೈಸಿನ್ ಅನ್ನೋ ಆ್ಯಂಟಿಬಯೋಟಿಕ್ ಶುರುವಾಗುತ್ತದೆ, ಡಿಸ್ಚಾರ್ಜ್ ಮುಂದಕ್ಕೆ ಹೋಗುತ್ತದೆ, ಬಿಲ್ ಏರುತ್ತದೆ. ನೂರು ಕಲ್ಚರ್‌ಗಳಲ್ಲಿ ಹೀಗಾಗುವುದು 3ಕ್ಕಿಂತ ಕಡಿಮೆ ಇರಲೇಬೇಕು. ಶ್ರದ್ಧೆಯಿಂದ ಮಾಡಿದರೆ 1ಕ್ಕೆ ಇಳಿಸಬಹುದು.

ಮೊದಲು ಆ್ಯಂಟಿಬಯೋಟಿಕ್ ಕೊಡುವ ಮುಂಚೆಯೇ ರಕ್ತ ತೆಗೆಯಿರಿ. ಕೈ ತೊಳೆದು, ರೋಗಿಯ ತೋಳಿಗೆ ಟೂರ್ನಿಕೆಟ್ (ಬಿಗಿ ಪಟ್ಟಿ) ಕಟ್ಟಿ, ರಕ್ತ ತೆಗೆಯುವ ನರ ಹುಡುಕಿ. ಸಿಕ್ಕಿದ ಮೇಲೆ ಪಕ್ಕದಲ್ಲೊಂದು ಮಚ್ಚೆಯೋ ಚರ್ಮದ ಗೆರೆಯೋ ಗುರುತಿಟ್ಟುಕೊಂಡು ಟೂರ್ನಿಕೆಟ್ ಸಡಿಲಿಸಿ.

ಬಾಟಲಿಯ ಪ್ಲಾಸ್ಟಿಕ್ ಮುಚ್ಚಳ ತೆಗೆದರೆ ಕೆಳಗಿನ ರಬ್ಬರ್ ಸ್ಟೆರೈಲ್, ಅಂದರೆ ಕ್ರಿಮಿಯಿಲ್ಲದ್ದು, ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅಲ್ಲ. ಸ್ಪಿರಿಟ್ ಸ್ವಾಬ್‌ನಿಂದ ಒರೆಸಿ, ಒಣಗಲು ಬಿಡಿ.

ಈಗ ಚರ್ಮ. ಸ್ಪಿರಿಟ್‌ನಲ್ಲಿ 2% ಕ್ಲೋರ್‌ಹೆಕ್ಸಿಡಿನ್ (ಕ್ರಿಮಿನಾಶಕ) ಇರುವ ಸ್ವಾಬ್‌ನಿಂದ 30 ಸೆಕೆಂಡ್ ಗಟ್ಟಿಯಾಗಿ ಉಜ್ಜಿ. ಆಮೇಲೆ 30 ಸೆಕೆಂಡ್ ಒಣಗಲಿ. ಊದಬೇಡಿ, ಹತ್ತಿಯಿಂದ ಒತ್ತಬೇಡಿ. ನರ ತಪ್ಪಿಹೋಯಿತೇನೋ ಅಂತ ಬೆರಳು ತಾನಾಗೇ ಅಲ್ಲಿಗೆ ಹೋಗುತ್ತದೆ, ಅಲ್ವಾ? ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಹೀಗೆ ಮುಟ್ಟಿದ್ದೇನೆ. ಒಬ್ಬ ಅಜ್ಜಿಗೆ ಮತ್ತೆ ಸೂಜಿ ಚುಚ್ಚಬೇಕಾಯಿತು. ಆ ತೆಳ್ಳನೆ ಕೈ ಇನ್ನೂ ಕಣ್ಣ ಮುಂದಿದೆ. ಗ್ಲೌಸ್ ಹಾಕಿದ್ದರೂ ಮುಟ್ಟಬೇಡಿ. ಮುಟ್ಟಿದರೆ ಮತ್ತೆ ಮೊದಲಿನಿಂದ ಉಜ್ಜಬೇಕು.

ಡ್ರಿಪ್‌ಗೆ ಅಂತ ಮೊದಲೇ ನರಕ್ಕೆ ಹಾಕಿರುವ ಕ್ಯಾನುಲಾ (ಸಣ್ಣ ಕೊಳವೆ) ದಿಂದ ರಕ್ತ ಎಳೆಯುವುದು ಸುಲಭ, ಆದರೆ ಅದರಲ್ಲಿ ಬ್ಯಾಕ್ಟೀರಿಯಾ ಕೂತಿರಬಹುದು. ಹೊಸದಾಗಿಯೇ ಚುಚ್ಚಿ. ದೊಡ್ಡವರಿಗೆ ಒಂದು ಬಾಟಲಿಗೆ 8ರಿಂದ 10 ಎಂಎಲ್ ಬೇಕು. ರಕ್ತ ಕಡಿಮೆಯಾದರೆ ನಿಜವಾದ ಸೋಂಕೂ ತಪ್ಪಿಹೋಗುತ್ತದೆ.

ಒಂದು ಸಲ ಚುಚ್ಚಿ ತುಂಬಿಸಿದ ಬಾಟಲಿಗಳು ಒಂದು ಸೆಟ್. ಎರಡನೇ ಸೆಟ್ ರೋಗಿಯ ಇನ್ನೊಂದು ಕೈಯಿಂದ ತೆಗೆಯಿರಿ. ಚರ್ಮದ ಬ್ಯಾಕ್ಟೀರಿಯಾ ಒಂದೇ ಸೆಟ್‌ನಲ್ಲಿ ಬೆಳೆದರೆ ಅದು ಹೊರಗಿನಿಂದ ಸೇರಿದ್ದಿರಬಹುದು ಅಂತ ಡಾಕ್ಟರಿಗೆ ಅಂದಾಜು ಸಿಗುತ್ತದೆ. ಹಾಗಾಗಿ ಲೇಬಲ್ ಮೇಲೆ ಹೆಸರು, ಸಮಯದ ಜೊತೆ ಯಾವ ಕೈ ಅಂತಲೂ ಬರೆಯಿರಿ. ಬಾಟಲಿಯನ್ನು ಫ್ರಿಜ್‌ನಲ್ಲಿ ಇಡಬೇಡಿ. ಲ್ಯಾಬ್ ಬೇರೆ ಕಡೆ ಇದ್ದರೆ, ನಮ್ಮೂರಿನ ಟ್ರಾಫಿಕ್ ಗೊತ್ತಲ್ಲ, ತಡಮಾಡದೆ ಕಳಿಸಿಬಿಡಿ.