ನೋವು ನಿಂತ ಮೇಲೆ ಬಾರದ ರೋಗಿ

ಬೆಳಗ್ಗೆ ಕ್ಲಿನಿಕ್ಕಿನ ಬಾಗಿಲು ತೆರೆಯುವ ಮೊದಲೇ ಯಾರಾದರೂ ಜಗಲಿಯಲ್ಲಿ ಕುಳಿತು, ಬಾಟಲಿಯ ತಣ್ಣೀರನ್ನು ಗುಟುಕರಿಸಿ ನುಂಗದೆ ಬಾಯಲ್ಲೇ ಇಟ್ಟುಕೊಂಡಿದ್ದರೆ, ಬಾಯಿ ತೆರೆಸುವ ಮೊದಲೇ ನನಗೆ ಅರ್ಧ ರೋಗ ತಿಳಿದುಬಿಡುತ್ತದೆ. ಶಿವಮೊಗ್ಗ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರಲ್ಲಿ ಹದಿನೆಂಟು ವರ್ಷಗಳಿಂದ ದಂತವೈದ್ಯೆಯಾಗಿರುವ ನಾನು ಇಂಥ ಬಾಟಲಿಗಳನ್ನು ಬಹಳ ಕಂಡಿದ್ದೇನೆ. ಹಲ್ಲಿನ ನಡುವೆ ರಕ್ತನಾಳ ಮತ್ತು ನರಗಳಿಂದ ಕೂಡಿದ ಮೃದುವಾದ ತಿರುಳು ಇರುತ್ತದೆ. ಕೈಗೋ ಕಾಲಿಗೋ ಬಾವು ಬಂದರೆ ಚರ್ಮವಾದರೂ ಹಿಗ್ಗುತ್ತದೆ. ಹಲ್ಲಿನೊಳಗೆ ಬಾವು ಬಂದ ತಿರುಳಿಗೆ ಹಿಗ್ಗಲು ಎಡೆಯೇ ಇಲ್ಲ. ಬಿಸಿ ಕಾಫಿ ತಾಗಿದಾಗ ಒಳಗಿನ ಒತ್ತಡ ಏರಿ ಪ್ರಾಣ ಹೋಗುವಷ್ಟು ನೋವಾಗುತ್ತದೆ, ತಣ್ಣೀರು ತಾಗಿದಾಗ ಒತ್ತಡ ಇಳಿದು ನಾಲ್ಕು ಕ್ಷಣ ಸಮಾಧಾನವಾಗುತ್ತದೆ. ಐಸ್‌ಕ್ರೀಂ ತಿಂದಾಗ ಜುಮ್ಮೆಂದು ಬಂದು ಆ ಕ್ಷಣವೇ ಹೋಗುವ ನೋವಾದರೆ ಹಲ್ಲಿನ ತೂತು ತುಂಬಿದರೆ ಸಾಕಾಗಬಹುದು. ತಾನಾಗಿ ಶುರುವಾಗುವ, ಮಲಗಿದರೆ ಹೆಚ್ಚಾಗುವ, ರಾತ್ರಿ ನಿದ್ದೆಗೆಡಿಸುವ ಈ ನೋವಿನಲ್ಲಿ ಆ ಅವಕಾಶ ಸಾಮಾನ್ಯವಾಗಿ ಕಳೆದಿರುತ್ತದೆ. ಆಗ ಹಲ್ಲನ್ನು ಉಳಿಸಿಕೊಳ್ಳಲು ಬೇಕಾಗುವುದು ರೂಟ್ ಕೆನಾಲ್, ಎಂದರೆ ತಿರುಳನ್ನು ತೆಗೆದು, ಅದು ಬೇರುಗಳೊಳಗೆ ಇಳಿದಿರುವ ನಾಳಗಳನ್ನು ತೊಳೆದು ತುಂಬುವ ಚಿಕಿತ್ಸೆ.

ನಾನು ಹೇಳಹೊರಟಿರುವ ರೋಗಿಯೂ ಹೀಗೆಯೇ ಬಾಟಲಿ ಹಿಡಿದು ಬಂದವರು. ಐವತ್ತು ದಾಟಿದ ಅಡಿಕೆ ತೋಟದ ಯಜಮಾನರು, ಕವಳದ, ಎಂದರೆ ಎಲೆಯಡಿಕೆಯ ಅಭ್ಯಾಸವಿದ್ದವರು. ಎಡಗಿವಿ ನೋವೆಂದು ಕಿವಿಗೆ ಔಷಧಿ ಬಿಟ್ಟುಕೊಂಡಿದ್ದರು, ಮನೆಯಲ್ಲಿ ಲವಂಗದ ಎಣ್ಣೆ ಹಚ್ಚಿದ್ದರು, ಹಿರಿಯರ ಮಾತಿನಂತೆ ನೆಲಗುಳ್ಳದ ಬೀಜದ ಹೊಗೆಯನ್ನೂ ಹಿಡಿದಿದ್ದರು, ಔಷಧಿ ಅಂಗಡಿಯಿಂದ ಐದು ದಿನದ ಆ್ಯಂಟಿಬಯೋಟಿಕ್ ತಂದು ನುಂಗಿದ್ದರು. ತಿರುಳಿನ ಉರಿಯೂತ ಆ್ಯಂಟಿಬಯೋಟಿಕ್‌ನಿಂದ ಇಳಿಯುವುದಿಲ್ಲ. ಬಾವು ಮುಖಕ್ಕೆ ಹರಡಿದ್ದರೆ ಅಥವಾ ಜ್ವರವಿದ್ದರೆ ಅದರ ಮಾತು ಬೇರೆ. ಬೆರಳಿಟ್ಟು ಅವರು ತೋರಿಸಿದ್ದು ಮೇಲಿನ ದವಡೆಯ ಹಲ್ಲನ್ನು. ತಿರುಳಿನ ನೋವಿನಲ್ಲಿ ರೋಗಿಗೆ ಮೇಲಿನದೋ ಕೆಳಗಿನದೋ ಎಂಬುದೇ ತಿಳಿಯದಿರುವುದು ಸಾಮಾನ್ಯವಾದ್ದರಿಂದ ಅವರ ಬೆರಳನ್ನು ನಾನು ನಂಬಲಿಲ್ಲ. ಸೂಜಿಯ ಪ್ಲಾಸ್ಟಿಕ್ ಮುಚ್ಚಳದಲ್ಲಿ ನೀರು ತುಂಬಿ ಫ್ರೀಜರಿನಲ್ಲಿಟ್ಟರೆ ಪೆನ್ಸಿಲ್ಲಿನಂಥ ಮಂಜುಗಡ್ಡೆಯ ಕಡ್ಡಿ ಸಿಗುತ್ತದೆ. ಅದನ್ನು ಒಂದೊಂದೇ ಹಲ್ಲಿಗೆ ತಾಗಿಸುತ್ತ, ಕನ್ನಡಿಯ ಹಿಡಿಯಿಂದ ಮೆಲ್ಲಗೆ ಬಡಿಯುತ್ತ ಬಂದಾಗ, ಕೆಳಗಿನ ಎಡಭಾಗದ ಮೊದಲ ದವಡೆಹಲ್ಲನ್ನು ಬಡಿದ ಕೂಡಲೇ ಅವರು ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದರು. ಎಕ್ಸ್‌ರೇಯಲ್ಲಿಯೂ ಹುಳುಕು ತಿರುಳಿನವರೆಗೆ ಇಳಿದದ್ದು ಕಂಡಿತು. ಯಾವ ಹಲ್ಲು ಎಂಬುದನ್ನು ಹೀಗೆ ಖಚಿತಪಡಿಸಿಕೊಳ್ಳದೆ ಹಲ್ಲು ಕೊರೆಯುವ ಏರೋಟರ್ ಕೈಗೆತ್ತಿಕೊಳ್ಳುವ ವೈದ್ಯರಿಗೆ ರೋಗಿಯು ಧಾರಾಳವಾಗಿ ಪ್ರಶ್ನೆ ಕೇಳಬಹುದು.

ನೋವಾಗುವುದೇ ಇಲ್ಲ ಎಂದು ನಾನು ಯಾರಿಗೂ ಮಾತು ಕೊಡುವುದಿಲ್ಲ. ತಿರುಳು ಇಷ್ಟು ಕೆರಳಿರುವಾಗ ಕೆಳದವಡೆಗೆ ಕೊಟ್ಟ ಇಂಜೆಕ್ಷನ್ನು ತುಟಿಯನ್ನು ಮರಗಟ್ಟಿಸಿದರೂ ಹಲ್ಲನ್ನು ಪೂರ್ತಿಯಾಗಿ ಮರಗಟ್ಟಿಸದಿರುವುದುಂಟು. ಅವರಿಗೂ ಹಾಗೆಯೇ ಆಯಿತು. ಹತ್ತು ನಿಮಿಷ ಕಾದು, ಮತ್ತೆ ಮೆಲ್ಲಗೆ ಬಡಿದು ನೋಡಿ, ಇನ್ನೂ ನೋವಿದೆ ಎಂದಾಗ ಹಲ್ಲಿನ ಪಕ್ಕದಲ್ಲಿ ಇನ್ನೊಂದು ಇಂಜೆಕ್ಷನ್ ಕೊಟ್ಟೆ. ನೋವಾದರೆ ಎಡಗೈ ಎತ್ತಿ, ಎತ್ತಿದ ಕೂಡಲೇ ನಿಲ್ಲಿಸುತ್ತೇನೆ ಎಂದು ಹೇಳಿದ್ದೆ. ಒಮ್ಮೆ ಎತ್ತಿದರು, ನಿಲ್ಲಿಸಿದೆ. ಅಷ್ಟರಿಂದಲೇ ಅವರ ಭುಜ ಸಡಿಲವಾದದ್ದು ಕಾಣುತ್ತಿತ್ತು.

ಆಮೇಲೆ ಹಲ್ಲಿಗೆ ರಬ್ಬರ್ ಡ್ಯಾಮ್ ಕಟ್ಟುತ್ತೇನೆ. ತೂತು ಮಾಡಿದ ತೆಳ್ಳನೆಯ ರಬ್ಬರ್ ಹಾಳೆಯಿಂದ ಒಂದು ಹಲ್ಲನ್ನು ಮಾತ್ರ ಹೊರಗಿಟ್ಟು ಉಳಿದ ಬಾಯನ್ನು ಮುಚ್ಚುವ ಈ ಉಪಾಯವನ್ನು 1864ರಲ್ಲಿ ನ್ಯೂಯಾರ್ಕಿನ ದಂತವೈದ್ಯ ಸ್ಯಾನ್‌ಫರ್ಡ್ ಬಾರ್ನಮ್ ಬಳಕೆಗೆ ತಂದರು. ಇಷ್ಟು ಹಳೆಯದಾದರೂ ನಮ್ಮಲ್ಲಿ ಇದನ್ನು ಬಳಸದೆಯೇ ಕೆಲಸ ಮುಗಿಸುವವರಿದ್ದಾರೆ, ಮೊದಲ ಕೆಲವು ವರ್ಷ ನಾನೂ ಹಾಗೆಯೇ ಮಾಡಿದ್ದೇನೆ. ಉಗುಳು ಹಲ್ಲಿನೊಳಗೆ ಹೋಗಬಾರದು, ಹಲ್ಲಿನೊಳಗಿನ ಔಷಧಿಯೂ ಸೂಜಿಯಂಥ ಉಪಕರಣಗಳೂ ಗಂಟಲಿಗೆ ಹೋಗಬಾರದು ಎಂಬುದೇ ಇದರ ಉದ್ದೇಶ. ನಾಳಗಳನ್ನು ತೊಳೆಯಲು ಬಳಸುವ ಸೋಡಿಯಂ ಹೈಪೋಕ್ಲೋರೈಟ್ ಎಂದರೆ ಬಟ್ಟೆಯ ಕಲೆ ತೆಗೆಯುವ ಬ್ಲೀಚಿನಲ್ಲಿರುವ ವಸ್ತುವೇ. ಸತ್ತ ತಿರುಳನ್ನು ಕರಗಿಸುವುದರಲ್ಲಿ ಅದಕ್ಕೆ ಸಾಟಿಯಿಲ್ಲ, ಆದರೆ ಹಲ್ಲಿನ ಹೊರಗೆ ಚೆಲ್ಲಿದರೆ ಸುಡುತ್ತದೆ.

ಕೆಳಗಿನ ಮೊದಲ ದವಡೆಹಲ್ಲಿಗೆ ಸಾಮಾನ್ಯವಾಗಿ ಎರಡು ಬೇರು, ಮೂರು ನಾಳ; ಕೆಲವರಲ್ಲಿ ನಾಲ್ಕು. ನಾಳವನ್ನು ಕೆರೆಯುವ ಸೂಜಿಯಂಥ ಉಪಕರಣವೇ ಫೈಲು; ಮೊದಲು ಇಳಿಸುವ ನೇರಳೆ ಹಿಡಿಯ 10ನೇ ನಂಬರಿನ ಫೈಲಿನ ತುದಿ 0.10 ಮಿಲಿಮೀಟರ್ ದಪ್ಪ. ಫೈಲಿಗೆ ಒಂದು ತಂತಿ, ತುಟಿಗೆ ಸಿಕ್ಕಿಸಿದ ಕೊಕ್ಕೆಗೆ ಇನ್ನೊಂದು ತಂತಿ ಜೋಡಿಸಿದರೆ, ಫೈಲು ಬೇರಿನ ತುದಿ ಮುಟ್ಟುವಾಗ ನಾಳದ ಉದ್ದ ಅಳೆಯುವ ಯಂತ್ರ ಬೀಪ್ ಎನ್ನುತ್ತದೆ. ಅವರ ಹಲ್ಲಿನ ಹಿಂದಿನ ನಾಳ 20.5, ಮುಂದಿನ ಎರಡೂ 19.5 ಮಿಲಿಮೀಟರ್ ಇದ್ದವು. ರೋಗಿಗಳು ‘ನರ ಕೀಳುವುದು’ ಎನ್ನುವುದು ಈ ಕೆಲಸದ ಒಂದು ಸಣ್ಣ ಭಾಗ ಮಾತ್ರ. ನಿಜವಾದ ಸಮಯ ಹಿಡಿಯುವುದು ಈ ಅಳತೆಗೆ, ನಾಳವನ್ನು ಹಂತಹಂತವಾಗಿ ಅಗಲಿಸುವುದಕ್ಕೆ, ಮತ್ತೆ ಮತ್ತೆ ತೊಳೆಯುವುದಕ್ಕೆ. ಕೊನೆಗೆ ತುಂಬುವುದು ಗಟ್ಟಾ ಪರ್ಚಾ ಎಂಬ ಗುಲಾಬಿ ಬಣ್ಣದ ಕಡ್ಡಿಗಳನ್ನು. ಅದು ಮಲಯ ಸೀಮೆಯ ಮರವೊಂದರ ಅಂಟು, ರಬ್ಬರಿನ ದಾಯಾದಿ. ಒಂದು ಕಾಲಕ್ಕೆ ಸಮುದ್ರದಡಿಯ ಟೆಲಿಗ್ರಾಫ್ ತಂತಿಗಳಿಗೂ ಅದನ್ನೇ ಹೊದಿಸುತ್ತಿದ್ದರು.

ನಾಳ ಎಣಿಸುವುದರಲ್ಲಿ ನಾನೇ ತಪ್ಪಿದ್ದೇನೆ. ಕ್ಲಿನಿಕ್ ತೆರೆದ ಮೂರನೆಯ ವರ್ಷ ಶಿಕ್ಷಕಿಯೊಬ್ಬರ ಮೇಲಿನ ದವಡೆಹಲ್ಲಿನಲ್ಲಿ ಮೂರು ನಾಳ ತುಂಬಿ, ಎಕ್ಸ್‌ರೇ ನೋಡಿ ಬೀಗಿದ್ದೆ. ಎರಡು ವರ್ಷದ ಮೇಲೆ ಅದೇ ಹಲ್ಲಿನ ಒಸಡಿನಲ್ಲಿ ಕೀವುಗುಳ್ಳೆ ಎದ್ದು ಅವರು ಮರಳಿ ಬಂದರು. ಮೇಲಿನ ಮೊದಲ ದವಡೆಹಲ್ಲಿನ ಮುಂದಿನ ಬೇರಿನಲ್ಲಿ ನಾಲ್ಕನೆಯ ನಾಳವೊಂದು ಬಹಳ ಮಂದಿಗೆ ಇರುತ್ತದೆ. ಭೂತಗನ್ನಡಿಯಿಲ್ಲದೆ ಅದರ ಬಾಯಿ ಕಾಣುವುದು ಕಷ್ಟ. ನಾನು ಬಿಟ್ಟಿದ್ದು ಅದನ್ನೇ. ತಪ್ಪು ನನ್ನದೆಂದು ಹೇಳಿ, ಹಣ ಪಡೆಯದೆ ಮತ್ತೆ ತೆರೆದು ಮಾಡಿಕೊಟ್ಟೆ. ರೂಟ್ ಕೆನಾಲ್ ಆದ ಹಲ್ಲಿಗೆ ನರವೇ ಇಲ್ಲವಲ್ಲ, ಮತ್ತೆ ನೋವು ಹೇಗೆ ಬರುತ್ತದೆ ಎಂದು ಅವರು ಕೇಳಿದ್ದರು. ನೋವು ಬರುವುದು ಬೇರಿನ ಸುತ್ತಲಿನ ಮೂಳೆಯಿಂದ, ಅಲ್ಲಿ ನರವಿದೆ.

ತೋಟದ ಯಜಮಾನರಿಗೆ ಬರೋಣ. ಮೊದಲ ಸಿಟಿಂಗ್ ಮುಗಿಸಿ, ನಾಳಗಳಲ್ಲಿ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಎಂಬ ಔಷಧಿ ಇಟ್ಟು, ಮೇಲೆ ತಾತ್ಕಾಲಿಕ ಸಿಮೆಂಟು ಹಾಕಿ ಕಳುಹಿಸಿದೆ. ಎರಡು ಮೂರು ದಿನ ಕಚ್ಚಿದರೆ ನೋಯಬಹುದೆಂದೂ, ಅದಕ್ಕೆ ಮಾತ್ರೆಯಿದೆಯೆಂದೂ, ಬಾವು ಬಂದರೆ ತಡಮಾಡದೆ ಬರಬೇಕೆಂದೂ ಹೇಳಿದ್ದೆ. ಎರಡನೆಯ ಸಿಟಿಂಗಿಗೂ ಬಂದರು, ನಾಳಗಳನ್ನು ತುಂಬಿದೆ. ಹಲ್ಲಿನ ಮೇಲೆ ಹೊದಿಸುವ ಕ್ಯಾಪ್‌ಗೆ ಅಳತೆ ಕೊಡಲು ಮುಂದಿನ ವಾರ ಬನ್ನಿ ಎಂದಾಗ, “ಮೇಡಂ, ಈಗ ನೋವೇ ಇಲ್ಲ. ಅಡಿಕೆ ಕೊನೆಕೊಯ್ಲು ಮುಗಿಸಿಕೊಂಡು ಬರ್ತೇನೆ” ಎಂದರು. ನಾನೂ ಆಗಲಿ ಎಂದೆ. ಹಾಗೆ ಅನ್ನಬಾರದಿತ್ತು.

ಹಲ್ಲಿನ ವಿಷಯದಲ್ಲಿ ನೋವು ನಿಲ್ಲುವುದು ಎರಡು ಸಲ ಮೋಸ ಮಾಡುತ್ತದೆ. ಚಿಕಿತ್ಸೆ ಮಾಡಿಸದೆ ಉಳಿದವರಲ್ಲಿ, ತಿರುಳು ಸತ್ತ ದಿನ ನೋವು ತಾನಾಗಿ ನಿಲ್ಲುತ್ತದೆ. ದೇವರ ದಯೆ, ಲವಂಗದೆಣ್ಣೆ ಕೆಲಸ ಮಾಡಿತು ಎಂದುಕೊಂಡವರು ತಿಂಗಳುಗಳ ಮೇಲೆ ಕೆನ್ನೆ ಊದಿಸಿಕೊಂಡು ಬರುತ್ತಾರೆ. ಚಿಕಿತ್ಸೆ ಅರ್ಧ ಮಾಡಿಸಿದವರಲ್ಲಿ ಕೆಲಸ ಮುಗಿಯುವ ಮೊದಲೇ ನೋವು ನಿಲ್ಲುತ್ತದೆ. ತಾತ್ಕಾಲಿಕ ಸಿಮೆಂಟು ಕೆಲವು ವಾರಗಳ ಮಟ್ಟಿಗೆ ಮಾತ್ರ; ಅದು ಸವೆದು ಉಗುಳು ಒಳಗಿಳಿದರೆ ರೋಗಾಣುಗಳು ಮೊದಲಿನ ಜಾಗಕ್ಕೇ ಮರಳುತ್ತವೆ. 1965ರಲ್ಲಿ ಸಂಶೋಧಕ ಕಾಕೆಹಾಶಿ ಮತ್ತು ಜೊತೆಗಾರರು ಇಲಿಗಳ ಹಲ್ಲಿನ ತಿರುಳನ್ನು ತೆರೆದಿಟ್ಟು ನೋಡಿದಾಗ, ರೋಗಾಣುಗಳೇ ಇಲ್ಲದಂತೆ ಬೆಳೆಸಿದ ಇಲಿಗಳಲ್ಲಿ ಗಾಯ ಮಾಗಿತು, ಸಾಮಾನ್ಯ ಇಲಿಗಳಲ್ಲಿ ತಿರುಳು ಸತ್ತು ಕೀವಾಯಿತು. ಹಲ್ಲಿನ ಬಾಯಿ ಭದ್ರವಾಗಿ ಮುಚ್ಚಿರಬೇಕೆಂಬ ನಮ್ಮ ಹಟದ ಹಿಂದೆ ಈ ಪಾಠವಿದೆ.

ಯಜಮಾನರು ಬಂದದ್ದು ಹದಿನಾಲ್ಕು ತಿಂಗಳ ಮೇಲೆ. ಗೋಟಡಿಕೆಯ ಹೋಳು ಕಚ್ಚಿದಾಗ ಟಕ್ ಎಂದಿತಂತೆ. ಹಲ್ಲು ನಡುವಿನಿಂದ ಬೇರಿನವರೆಗೆ ಸೀಳಿತ್ತು. ಎರಡು ಹೋಳುಗಳನ್ನು ಉಪಕರಣದಿಂದ ಅತ್ತಿತ್ತ ಸರಿಸಿದರೆ ಬೇರೆಬೇರೆಯಾಗಿ ಅಲ್ಲಾಡುತ್ತಿದ್ದವು. ರೂಟ್ ಕೆನಾಲ್ ಮಾಡಿದರೆ ಹಲ್ಲು ಒಣಗಿ ಮುರಿಯುತ್ತದೆ ಎಂಬ ಮಾತು ಜನರಲ್ಲಿದೆ. ಒಣಗುವುದಕ್ಕಿಂತ ಮುಖ್ಯ ಕಾರಣ, ಹುಳುಕು ತಿಂದದ್ದೂ ನಾವು ಕೊರೆದದ್ದೂ ಸೇರಿ ಹಲ್ಲಿನ ಗೋಡೆಗಳು ತೆಳುವಾಗಿರುವುದು. ಅಗಿಯುವ ಹಲ್ಲಿಗೆ ಸುತ್ತಲೂ ಹಿಡಿದಿಡುವ ಕ್ಯಾಪ್ ಬೇಕೆನ್ನುವುದು ಅದಕ್ಕೇ. ಹೆಚ್ಚು ಹಾಳಾಗದ ಮುಂದಿನ ಹಲ್ಲಿಗೆ ಎಷ್ಟೋ ಸಲ ಬೇಕಾಗುವುದಿಲ್ಲ.

ಕ್ಯಾಪ್‌ಗೆ ಬಾರದಿರುವುದಕ್ಕೆ ಹಣವೂ ಕಾರಣವೆಂದು ನನಗೆ ಗೊತ್ತಿದೆ. ರೂಟ್ ಕೆನಾಲ್‌ನ ಶುಲ್ಕ ಬೇರೆ, ಕ್ಯಾಪ್‌ನದು ಬೇರೆ ಎಂಬುದು ಎಷ್ಟೋ ಮಂದಿಗೆ ಕೊನೆಯ ದಿನ ತಿಳಿಯುತ್ತದೆ, ಆಗ ಮೋಸಹೋದಂತೆ ಅನಿಸುವುದು ಸಹಜ. ಈಗ ಮೊದಲ ದಿನವೇ ಎರಡನ್ನೂ ಸೇರಿಸಿ ಒಂದೇ ಚೀಟಿಯಲ್ಲಿ ಬರೆದುಕೊಡುತ್ತೇನೆ, ಕ್ಯಾಪ್‌ನ ತಾರೀಖನ್ನೂ ಅದರಲ್ಲೇ ಹಾಕುತ್ತೇನೆ, ಸಾಧ್ಯವಿದ್ದಲ್ಲಿ ಒಂದೇ ಸಿಟಿಂಗಿನಲ್ಲಿ ನಾಳಗಳನ್ನು ಮುಗಿಸುತ್ತೇನೆ. ನನ್ನಲ್ಲಿ ಆಗದವರಿಗೆ ದಂತವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗೆ ಹೋಗಿ ಎನ್ನುತ್ತೇನೆ. ಅಲ್ಲಿ ಅಧ್ಯಾಪಕರ ಕಣ್ಣೆದುರು ಸ್ನಾತಕೋತ್ತರ ವಿದ್ಯಾರ್ಥಿಗಳು ಮಾಡುತ್ತಾರೆ, ಸಮಯ ಹೆಚ್ಚು ಹಿಡಿದರೂ ಖರ್ಚು ಕಡಿಮೆ.

ಇನ್ನು ರೋಗಿಯು ವೈದ್ಯರಿಗೆ ಮೊದಲೇ ಹೇಳಬೇಕಾದವು: ಸಕ್ಕರೆ ಕಾಯಿಲೆ, ಗರ್ಭ, ಹೃದಯದ ಕವಾಟದ ಶಸ್ತ್ರಚಿಕಿತ್ಸೆ, ರಕ್ತ ತೆಳುವಾಗಿಸುವ ಮಾತ್ರೆ. ಹಲ್ಲಿನ ಕೆಲಸವಿದೆಯೆಂದು ಆ ಮಾತ್ರೆಯನ್ನು ತಾವಾಗಿಯೇ ಮೂರು ದಿನ ನಿಲ್ಲಿಸಿ ಬಂದವರೊಬ್ಬರನ್ನು ಕಂಡು ನನಗೇ ಎದೆ ಧಸಕ್ಕೆಂದಿತ್ತು. ರೂಟ್ ಕೆನಾಲ್‌ಗೆ ಸಾಮಾನ್ಯವಾಗಿ ಅದನ್ನು ನಿಲ್ಲಿಸುವ ಅಗತ್ಯವೇ ಬರುವುದಿಲ್ಲ. ಮೇಲಿನ ಹಲ್ಲು ಮುಟ್ಟಿದರೆ ಕಣ್ಣು ಹೋಗುತ್ತದೆಂಬ ಭಯಕ್ಕೂ, ರೂಟ್ ಕೆನಾಲ್‌ನಿಂದ ಕ್ಯಾನ್ಸರ್ ಬರುತ್ತದೆಂಬ ವಾಟ್ಸ್ಆ್ಯಪ್ ಸಂದೇಶಕ್ಕೂ ಆಧಾರವಿಲ್ಲ.

ಸೀಳಿದ ಹಲ್ಲನ್ನು ಅದೇ ದಿನ ಕಿತ್ತೆ. ಯಜಮಾನರು ಎರಡೂ ಹೋಳುಗಳನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು. ಖಾಲಿ ಜಾಗಕ್ಕೆ ಮೂಳೆಯಲ್ಲಿ ಕೂರಿಸುವ ಇಂಪ್ಲಾಂಟೋ, ಪಕ್ಕದ ಹಲ್ಲುಗಳ ಆಸರೆಯಲ್ಲಿ ನಿಲ್ಲುವ ಬ್ರಿಡ್ಜೋ ಎಂದು ಕೇಳಿದ್ದಕ್ಕೆ, ಈ ಸಲದ ಅಡಿಕೆ ಮಾರಿದ ಮೇಲೆ ನೋಡೋಣ ಎಂದರು. ಕಳೆದ ತಿಂಗಳು ಬೇರೆ ಹಲ್ಲಿಗೆಂದು ಬಂದಾಗ ನೋಡಿದೆ: ಕೆಳಗಿನ ಜಾಗ ಖಾಲಿಯಾಗಿಯೇ ಇದೆ, ಅದಕ್ಕೆ ಎದುರಾಗಿದ್ದ ಮೇಲಿನ ಹಲ್ಲು ಕೆಳಗಿಳಿಯತೊಡಗಿದೆ.