ಸ್ವಾಗರ್ ಸ್ಟಿಕ್ ಕೊಳ್ಳುವಾಗ ನಾನು ಮೊದಲು ನೋಡುವುದು ಕಿರೀಟ

ಎರಡಡಿ ಆಸುಪಾಸಿನ ಬೆತ್ತ. ಒಂದು ತುದಿಗೆ ಪಲ್ಟನ್ನಿನ ಚಿಹ್ನೆ ಇರುವ ಲೋಹದ ಗುಂಡು, ಇನ್ನೊಂದಕ್ಕೆ ಪುಟ್ಟ ಲೋಹದ ಟೋಪಿ. ಊರುಗೋಲಲ್ಲ, ಲಾಠಿಯೂ ಅಲ್ಲ. ಮೊದಲ ಮಹಾಯುದ್ಧಕ್ಕೆ ಮುಂಚೆ ಬ್ರಿಟಿಷ್ ಸಿಪಾಯಿ ಬಿಡುವಿನಲ್ಲಿ ಪೇಟೆಗೆ ಹೊರಟರೂ ಕೈಯಲ್ಲಿ ಇದು ಇರುತ್ತಿತ್ತು. ಶೋಕಿಗೆ, ಅಷ್ಟೇ.

ನಮ್ಮ ಬಳ್ಳಾರಿಯಲ್ಲಿ ಇಂಥವು ಸಿಗುವುದರಲ್ಲಿ ಆಶ್ಚರ್ಯವೇನಿಲ್ಲ. 1800ರಲ್ಲಿ ನಿಜಾಮರು ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟರು. ಆಮೇಲೆ ಇಲ್ಲಿ ದಂಡು ಬೀಡುಬಿಟ್ಟಿತು. ಕಂಟೋನ್ಮೆಂಟ್ ಅನ್ನುವ ಹೆಸರು ಈಗಲೂ ಇದೆ. ಆದರೆ ಕೌಲ್ ಬಜಾರ್ ಕಡೆ ಹಳೇ ಸಾಮಾನಿನವರು "ಬ್ರಿಟಿಷರದು ಸಾರ್" ಅಂತ ತೆಗೆದು ಕೊಡುವುದು ಜಾಸ್ತಿ ಪೊಲೀಸ್ ಬೆತ್ತವೇ. ಗುಂಡಿನ ಮೇಲೆ ಅಶೋಕ ಸಿಂಹ ಕಂಡರೆ ಅದು 1950ರ ಈಚಿನದು. ಚೌಕಾಸಿ ಅಲ್ಲಿಂದಲೇ ಶುರು.

ಕಿರೀಟವಿದ್ದರೆ ಭೂತಗನ್ನಡಿ ಹಿಡಿಯುತ್ತೇನೆ. ಕಮಾನು ದುಂಡಗೆ ಉಬ್ಬಿದ್ದರೆ ಸಾಮಾನ್ಯವಾಗಿ 1901ರಿಂದ 1952ರೊಳಗಿನ ರಾಜರ ಕಾಲದ್ದು. ನಡುವೆ ತಗ್ಗಿದ್ದರೆ ವಿಕ್ಟೋರಿಯಾ ಕಾಲದ್ದೂ ಇರಬಹುದು, ಎಲಿಜಬೆತ್ ಕಾಲದ್ದೂ ಇರಬಹುದು. ಆಗ ಪಕ್ಕದ ಅಕ್ಷರಗಳೇ ಗತಿ. ಭಾರತೀಯ ಪಲ್ಟನ್ನಿನದಾದರೆ ನಂಬರ್ ನೋಡಬೇಕು. 1922ರಲ್ಲಿ ಪಲ್ಟನ್‌ಗಳನ್ನು ಕೂಡಿಸಿ ನಂಬರ್ ಬದಲಿಸಿದರು. '61ನೇ ಪಯೋನಿಯರ್ಸ್' (ದಾರಿ ಕಡಿದು ರಸ್ತೆ ಮಾಡುವ ಸಿಪಾಯಿಗಳ ಪಲ್ಟನ್) ಅಂತಿದ್ದರೆ ಅದಕ್ಕಿಂತ ಹಿಂದಿನದು. ಆಮೇಲೆ ಆ ಪಲ್ಟನ್ ಸೇರಿದ ಮದ್ರಾಸ್ ಪಯೋನಿಯರ್ಸ್ ಪಡೆಯನ್ನೇ 1933ರಲ್ಲಿ ಮುಚ್ಚಿಬಿಟ್ಟರು. ಹಾಗಾಗಿ ಆ ಗುಂಡು ಕಂಡರೆ ನನಗೆ ಕೈ ತಡೆಯುವುದಿಲ್ಲ.

ಗುಂಡು ಬೆಳ್ಳಿಯದೋ ನಿಕ್ಕಲ್‌ನದೋ ಅಂತ ಎಲ್ಲರೂ ಕೇಳುತ್ತಾರೆ. ಇಂಗ್ಲೆಂಡಿನ ಬೆಳ್ಳಿಗೆ ನಡೆಯುವ ಸಿಂಹದ ಮುದ್ರೆ ಇರುತ್ತದೆ, ಜೊತೆಗೆ ಲಂಗರು ಇದ್ದರೆ ಬರ್ಮಿಂಗ್‌ಹ್ಯಾಮಿನದು. ನನಗೆ ನಿಕ್ಕಲ್ಲೇ ಇಷ್ಟ. ಬೆಳ್ಳಿಯದು ಹೆಚ್ಚಾಗಿ ಅಧಿಕಾರಿಗಳದು, ನಿಕ್ಕಲ್ ಸಾದಾ ಸಿಪಾಯಿಯದು. ಅವನ ಕೈಯಲ್ಲಿ ಸವೆದ ಚಿಹ್ನೆಯನ್ನು ಪಾಲಿಶ್ ಹಾಕಿ ಇನ್ನಷ್ಟು ಸವೆಸುವವರನ್ನು ಕಂಡರೆ ಮೈ ಉರಿಯುತ್ತದೆ. ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕಲ್ವಾ?

ನಮ್ಮ ಬಿಸಿಲಿಗೆ ಬೆತ್ತ ಒಣಗಿ ಸೀಳುತ್ತದೆ. ಬೇಸಿಗೆಗೆ ಮುಂಚೆ ಅಗಸಿ ಎಣ್ಣೆ ತೆಳ್ಳಗೆ ಸವರಿ, ಹೆಚ್ಚಾದದ್ದನ್ನು ಒರೆಸುತ್ತೇನೆ. ಗೋಡೆಗೆ ಆನಿಸಿದರೆ ಬಾಗುತ್ತದೆ, ಅದಕ್ಕೇ ಮಲಗಿಸಿ ಇಡುತ್ತೇನೆ.

ದಂತದ ಹಿಡಿಯದನ್ನು ಮಾತ್ರ ಮುಟ್ಟುವುದಿಲ್ಲ. ಎಷ್ಟೇ ಹಳೆಯದಾದರೂ ಆನೆದಂತದ ವ್ಯಾಪಾರ ಅಪರಾಧ. ನೂರು ವರ್ಷ ದಾಟಿದ ಕೋಲನ್ನು ಪರದೇಶಕ್ಕೆ ಕಳಿಸಲೂ ಆಗದು, 1972ರ ಪ್ರಾಚೀನ ವಸ್ತುಗಳ ಕಾಯ್ದೆ ಅಡ್ಡ ಬರುತ್ತದೆ. ಲಂಡನ್ನಿಗೆ ಮಾರಿ ಕೊಡುತ್ತೇನೆ ಅನ್ನುವ ದಲ್ಲಾಳಿಗಳಿಗೆ ಚಹಾ ಕುಡಿಸಿ ಕಳಿಸುತ್ತೇನೆ.